ಕೊಪ್ಪದ ಗಾಳಿ, ಶೃಂಗೇರಿಯ ಬಿಸಿಲು, ಎನ್.ಆರ್. ಪುರದ ಪರೀಕ್ಷೆ

ಮಂಗಳೂರಿನಿಂದ ಬೆಳಿಗ್ಗೆ ಹೊರಟ ಬಸ್ಸು ಕಾರ್ಕಳ, ಬಜಗೋಳಿಗಳನ್ನು ದಾಟಿ ಮಾಳದ ಘಾಟಿ ಏರತೊಡಗಿದಾಗ ಕಿಟಕಿಯಿಂದ ನುಗ್ಗಿದ ಗಾಳಿಗೆ ಮೈ ಜುಮ್ಮೆಂದಿತು. ಡಿಸೆಂಬರ್ ತಿಂಗಳು. ಘಾಟಿಯ ತುದಿಯಲ್ಲಿ ಎಸ್.ಕೆ. ಬಾರ್ಡರ್. ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿಯಾಗಿದ್ದ ಆ ಜಾಗದ ಹೆಸರು, ಜಿಲ್ಲೆಗಳು ಬದಲಾದರೂ, ಜನರ ಬಾಯಲ್ಲಿ ಹಾಗೆಯೇ ಉಳಿದಿದೆ. ಅಲ್ಲಿಂದ ಕೆರೆಕಟ್ಟೆಯ ಕಾಡು, ಶೃಂಗೇರಿ, ಆ ಬಳಿಕ ಕೊಪ್ಪ. ಅಕ್ಕನ ಮನೆಗೆ ನಾನು ಹಲವು ಬಾರಿ ಹೋದ ದಾರಿ ಇದು. ಆದರೆ ಈ ಬಾರಿಯ ಪ್ರಯಾಣದ ಕಾರಣ ಬೇರೆ. ಅಕ್ಕ ಫೋನಿನಲ್ಲಿ ಹೇಳಿದ್ದಳು: “ಮಗಳು ರೋಬೋಟ್ ಮಾಡುತ್ತಿದ್ದಾಳೆ. ಭಾನುವಾರ ಎನ್.ಆರ್. ಪುರದಲ್ಲಿ ಸ್ಪರ್ಧೆ. ಗೆದ್ದರೆ ಬೆಂಗಳೂರಿಗೆ ಹೋಗಿ ಎರಡು ರಾತ್ರಿ ಉಳಿಯಬೇಕು. ಅವಳ ತಂದೆ ಬೇಡ ಅನ್ನುತ್ತಿದ್ದಾರೆ. ನೀನೊಮ್ಮೆ ಬಂದು ಹೋಗು.”

ಭಾವ ಕೊಪ್ಪದಲ್ಲಿ ಟಯರ್ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದಾರೆ. ಒಳ್ಳೆಯ ಮನುಷ್ಯ. ಮಗಳು ಓದಬಾರದೆಂದು ಎಂದೂ ಹೇಳಿದವರಲ್ಲ. ಆದರೆ ರೋಬೋಟ್ ಎಂದರೆ ಹುಡುಗರ ಆಟ, ಅಲ್ಲಿ ತನ್ನ ಮಗಳದ್ದು ಸಾಮಾನು ಎತ್ತಿಕೊಡುವ ಕೆಲಸವಷ್ಟೇ ಎಂಬುದು ಅವರ ಅಂದಾಜು. “ಅಷ್ಟಕ್ಕಾಗಿ ಬೆಂಗಳೂರಿನವರೆಗೆ ಯಾಕೆ?” ಎಂದು ಊಟಕ್ಕೆ ಕುಳಿತಾಗಲೇ ನನ್ನನ್ನು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ನಾನೂ ಇನ್ನೂ ಏನನ್ನೂ ನೋಡಿರಲಿಲ್ಲ.

ಸಂಜೆ ಜಗಲಿಯಲ್ಲಿ ಅದನ್ನು ನೋಡಿದೆ. ಒಂದು ಮೊಣಕೈ ಉದ್ದದ ನಾಲ್ಕು ಚಕ್ರದ ಗಾಡಿ. ಮುಂಭಾಗದಲ್ಲಿ ಬೆರಳಿನಷ್ಟು ದಪ್ಪದ ಲೋಹದ ಕೊಳವೆ, ಬೆನ್ನ ಮೇಲೆ ಅರ್ಧ ಲೀಟರಿನ ಸಣ್ಣ ಉಕ್ಕಿನ ಟ್ಯಾಂಕ್, ಮಧ್ಯೆ ತಂತಿಗಳ ಗೋಜಲು. ಕಪ್ಪು ಹಾಸಿನ ಮೇಲೆ ಎಳೆದ ಬಿಳಿ ಗೆರೆಯನ್ನು ಹಿಡಿದು ಇದು ತಾನಾಗಿ ಸಾಗಬೇಕು, ಎದುರು ಪೆಟ್ಟಿಗೆ ಸಿಕ್ಕಾಗ ನಿಲ್ಲಬೇಕು, ಆ ಪೆಟ್ಟಿಗೆಯನ್ನು ಗಾಳಿಯ ಬಲದಿಂದ ಕಪಾಟಿನೊಳಗೆ ತಳ್ಳಬೇಕು. ಮೂರು ನಿಮಿಷದಲ್ಲಿ ಐದು ಪೆಟ್ಟಿಗೆ. ಯಾರೂ ಕೈ ಹಾಕುವಂತಿಲ್ಲ.

“ಗಾಳಿ ಯಾಕೆ? ಮೋಟಾರ್ ಸಾಲದೇ?” ಎಂದು ಕೇಳಿದೆ.

“ಚಿಕ್ಕಮ್ಮ, ಮೋಟಾರ್ ತಿರುಗುತ್ತದೆ. ನಮಗೆ ಬೇಕಾದದ್ದು ನೇರವಾಗಿ, ಒಂದೇ ಸಲ ಬಲವಾಗಿ ತಳ್ಳುವುದು” ಎಂದು ಒಂಬತ್ತನೇ ತರಗತಿಯ ಆ ಹುಡುಗಿ ಲೆಕ್ಕ ಬರೆದು ತೋರಿಸಿದಳು. ಆ ಕೊಳವೆಯ ಹೆಸರು ಸಿಲಿಂಡರ್. ಅದರ ಒಳವ್ಯಾಸ 20 ಮಿಲಿಮೀಟರ್, ಅಂದರೆ ಒಳಗಿನ ಪಿಸ್ಟನ್ನಿನ ಮುಖದ ವಿಸ್ತೀರ್ಣ ಸುಮಾರು 3.14 ಚದರ ಸೆಂಟಿಮೀಟರ್. 4 ಬಾರ್ ಒತ್ತಡದ ಗಾಳಿ ಬಿಟ್ಟರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 4 ಕಿಲೋ ತೂಕದ ಬಲ ಬೀಳುತ್ತದೆ. ಗುಣಿಸಿದರೆ 12 ಕಿಲೋಗೂ ಮೇಲೆ. ಬೆರಳಿನಷ್ಟು ದಪ್ಪದ ಕೊಳವೆಯೊಂದು ಅರ್ಧ ಮೂಟೆ ಸಕ್ಕರೆಯನ್ನು ತಳ್ಳುವಷ್ಟು ಬಲ ತೋರಿಸುತ್ತದೆಂದು ನನಗೆ ಆವರೆಗೆ ತಿಳಿದಿರಲಿಲ್ಲ.

ಗಾಳಿ ತುಂಬಿಸಿದ್ದು ಭಾವನ ಅಂಗಡಿಯ ಕಂಪ್ರೆಸರ್‌ನಿಂದ. ಅದನ್ನು ತುಂಬಿಸುವುದು ಮಾತ್ರ ಅವರದ್ದೇ ಕೈ, ಮಕ್ಕಳಿಗೆ ಬಿಡುವುದಿಲ್ಲ. “ಟಯರಿಗೂ ಇದಕ್ಕೂ ಒಂದೇ ನಿಯಮ, ಒತ್ತಡ ತೋರಿಸುವ ಮೀಟರ್ ನೋಡದೆ ಗಾಳಿ ಹಾಕಬಾರದು” ಎಂದು ಗೊಣಗುತ್ತಲೇ ತುಂಬಿಸಿದರು. ಅವರ ಮಾತು ಸರಿಯೇ. ಏಷ್ಯಾ-ಪೆಸಿಫಿಕ್ ಪ್ರಸಾರ ಒಕ್ಕೂಟವು 2002ರಿಂದ ಕಾಲೇಜು ವಿದ್ಯಾರ್ಥಿಗಳಿಗಾಗಿ ನಡೆಸುತ್ತಿರುವ ರೋಬೋಕಾನ್ ಸ್ಪರ್ಧೆಯಲ್ಲೂ ಗಾಳಿಯ ಒತ್ತಡ 6 ಬಾರ್ ಮೀರಬಾರದೆಂಬ ನಿಯಮವಿದೆ. 2008 ಮತ್ತು 2014ರಲ್ಲಿ ಆ ಸ್ಪರ್ಧೆಯ ಅಂತಾರಾಷ್ಟ್ರೀಯ ಸುತ್ತು ನಮ್ಮ ಪುಣೆಯಲ್ಲೇ ನಡೆದಿತ್ತು.

ಭಾವ ಇನ್ನೊಂದು ಕೆಲಸ ಮಾಡಿದರು. ಕಂಪ್ರೆಸರ್‌ನ ಕೆಳಗಿನ ತಿರುಪನ್ನು ಬಿಚ್ಚಿದರು. ಒಂದು ಲೋಟದಷ್ಟು ತುಕ್ಕುಬಣ್ಣದ ನೀರು ಸುರಿಯಿತು. ಗಾಳಿಯಲ್ಲಿರುವ ತೇವ ಒತ್ತಿದಾಗ ನೀರಾಗುತ್ತದೆ. ಮಲೆನಾಡಿನ ತೇವದ ಗಾಳಿಯಲ್ಲಿ ಅದು ಹೆಚ್ಚು. ಆ ನೀರು ವಾಲ್ವಿನೊಳಗೆ ಹೋದರೆ ಸಿಕ್ಕಿಕೊಳ್ಳುತ್ತದೆ. ಹಿಂದಿನ ವಾರ ಮಕ್ಕಳ ವಾಲ್ವ್ ಏಕೆ ತಡೆದು ತಡೆದು ಕೆಲಸ ಮಾಡುತ್ತಿತ್ತೆಂಬುದು ಗೊತ್ತಾದದ್ದು ಆಗಲೇ. ಮಗಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಭಾವ ಅದನ್ನು ನೋಡಿಯೂ ನೋಡದವರಂತೆ ಅಂಗಡಿಗೆ ಹೋದರು.

ನಿಜವಾಗಿ ನೋಡಿದರೆ ಇಲ್ಲಿನ ಮನೆಗಳಿಗೆ ಗಾಳಿಯ ವಿದ್ಯೆ ಹೊಸತಲ್ಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುತ್ತಾರಲ್ಲ, ಆ ಕೈಪಂಪಿನಲ್ಲೂ ಗಾಳಿಯ ಒಂದು ಗುಂಡಿಗೆಯಿದೆ. ಕೆಳಗೆ ನಿಂತವನು ಸನ್ನೆ ಎಳೆದಾಗ ದ್ರಾವಣ ಆ ಗುಂಡಿಗೆಗೆ ನುಗ್ಗಿ ಒಳಗಿನ ಗಾಳಿಯನ್ನು ಒತ್ತುತ್ತದೆ. ಒತ್ತಿದ ಗಾಳಿ ದ್ರಾವಣವನ್ನು ಮರದ ತುದಿಗೆ ಎಡೆಬಿಡದೆ ಕಳುಹಿಸುತ್ತದೆ. ಅಂಗಡಿಯ ಕಂಪ್ರೆಸರ್ ಕೂಡ ಟ್ಯಾಂಕ್ ತುಂಬಿದ ಕೂಡಲೇ ತಾನಾಗಿ ನಿಲ್ಲುತ್ತದೆ. ಅದರೊಳಗೆ ಒತ್ತಡವನ್ನು ಅರಿಯುವ ಒಂದು ಸ್ವಿಚ್ ಇದೆ. ಅರಿಯುವುದು ಒಂದು, ಕೆಲಸ ಮಾಡುವುದು ಇನ್ನೊಂದು, ಇವೆರಡನ್ನು ಜೋಡಿಸುವುದು ಮೂರನೆಯದು. ರೋಬೋಟಿನ ಕಾರ್ಯಕ್ರಮ ಬರೆಯುವುದೆಂದರೆ ಈ ಮೂರನೆಯ ಕೆಲಸ. ಅದನ್ನು ಬರೆದದ್ದು ನಮ್ಮ ಹುಡುಗಿ.

ಜಗಲಿಯಲ್ಲಿ ಗಾಡಿ ಓಡಿತು. ಮೊದಲ ಪೆಟ್ಟಿಗೆ ಒಳಗೆ. ಎರಡನೆಯದು, ಮೂರನೆಯದು ಒಳಗೆ. ನಾಲ್ಕನೆಯದು ಅರ್ಧಕ್ಕೆ ನಿಂತು ಕೆಳಗೆ ಬಿತ್ತು! ಮತ್ತೆ ಮಾಡಿದರೂ ಅದೇ. ಮೂರು ಸರಿ, ನಾಲ್ಕನೆಯದು ತಪ್ಪು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು.

ಅಕ್ಕ ಅಡುಗೆಮನೆಯಿಂದಲೇ ಕೇಳಿದಳು: “ನೀನು ಅದಕ್ಕೆ ಏನು ಹೇಳಿದ್ದೀಯಾ?”

“ಅರ್ಧ ಸೆಕೆಂಡ್ ವಾಲ್ವ್ ತೆರೆ, ಆಮೇಲೆ ಮುಚ್ಚು, ಹಿಂದೆ ಬಾ ಅಂತ.”

“ಗಡಿಯಾರ ನೋಡಿ ಕುಕ್ಕರ್ ಇಳಿಸಿದ ಹಾಗಾಯಿತು. ನಾನು ಸೀಟಿ ಎಣಿಸುತ್ತೇನೆ.”

ಹುಡುಗಿ ಒಂದು ಕ್ಷಣ ಸುಮ್ಮನಾದಳು. ಆಮೇಲೆ ನಕ್ಕಳು. ವಿಷಯ ಅಷ್ಟೇ. ಪ್ರತಿ ಸಲ ತಳ್ಳಿದಾಗಲೂ ಟ್ಯಾಂಕಿನ ಗಾಳಿ ಸ್ವಲ್ಪ ಖರ್ಚಾಗುತ್ತದೆ. 4 ಬಾರ್ ಇದ್ದ ಒತ್ತಡ ಇಳಿಯುತ್ತಾ ಹೋಗಿ ಐದನೇ ಸಲಕ್ಕೆ ಎರಡು, ಎರಡೂವರೆಯಾಗುತ್ತದೆ. ಒತ್ತಡ ಇಳಿದರೆ ಪಿಸ್ಟನ್ ನಿಧಾನ. ಮೊದಲ ಸಲಕ್ಕೆ ಸಾಕಾದ ಅರ್ಧ ಸೆಕೆಂಡ್ ನಾಲ್ಕನೆಯ ಸಲಕ್ಕೆ ಸಾಲದು. ಕುಕ್ಕರಿನಲ್ಲೂ ಹಾಗೆಯೇ. ತುಂಬಿದ್ದರೆ, ಉರಿ ಸಣ್ಣದಿದ್ದರೆ ಸೀಟಿ ತಡವಾಗುತ್ತದೆ. ಆದ್ದರಿಂದಲೇ ನಾವು ನಿಮಿಷ ನೋಡುವುದಿಲ್ಲ, ಸೀಟಿಗಾಗಿ ಕಾಯುತ್ತೇವೆ.

ಪಿಸ್ಟನ್ ತುದಿ ಮುಟ್ಟಿತೆಂದು ಹೇಳುವ ಸೀಟಿ ಬೇಕಿತ್ತು. ಸಿಲಿಂಡರಿನ ಪಿಸ್ಟನ್ನಿನಲ್ಲಿ ಒಂದು ಅಯಸ್ಕಾಂತವಿತ್ತು. ಹೊರಗೆ ರೀಡ್ ಸ್ವಿಚ್ ಎಂಬ ಅಕ್ಕಿಕಾಳಿಗಿಂತ ತುಸು ದೊಡ್ಡ ಬಿಡಿಭಾಗವನ್ನು ಕಟ್ಟಿದರೆ, ಅಯಸ್ಕಾಂತ ಹತ್ತಿರ ಬಂದಾಗ ಅದು ಮುಚ್ಚಿಕೊಂಡು ಸಂದೇಶ ಕೊಡುತ್ತದೆ. ಈ ಊರುಗಳಿಗೆ ಇದೂ ಹೊಸತಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತ್‌ಗಳಲ್ಲಿ ಮಳೆಯ ಲೆಕ್ಕವನ್ನು ತಾವಾಗಿಯೇ ಕಳುಹಿಸುವ ಮಳೆಮಾಪಕಗಳನ್ನು ಇಟ್ಟಿದೆ. ಅಂತಹ ಮಾಪಕಗಳಲ್ಲಿ ಸಾಮಾನ್ಯವಾಗಿ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿ ವಾಲಿದಾಗಲೆಲ್ಲ ಅಯಸ್ಕಾಂತವೊಂದು ಇದೇ ಬಗೆಯ ಸ್ವಿಚ್ಚಿನ ಮುಂದೆ ಹಾದು ಹೋಗುತ್ತದೆ. ಎಷ್ಟು ಬಾರಿ ವಾಲಿತೆಂಬ ಎಣಿಕೆಯೇ ಮಳೆಯ ಲೆಕ್ಕ. ಮಕ್ಕಳ ಡಬ್ಬಿಯಲ್ಲಿ ಅಂತಹ ಒಂದು ಸ್ವಿಚ್ ಬಿದ್ದುಕೊಂಡಿತ್ತು. ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಹೊಸ ಕಾರ್ಯಕ್ರಮ ಸಿದ್ಧವಾಯಿತು: ವಾಲ್ವ್ ತೆರೆ, ತುದಿ ಮುಟ್ಟಿದ ಸಂದೇಶ ಬರುವವರೆಗೆ ಕಾಯಿ, ಬಂದ ಮೇಲಷ್ಟೇ ಹಿಂದೆ ಸರಿ, ಎರಡು ಸೆಕೆಂಡಾದರೂ ಬಾರದಿದ್ದರೆ ವಾಲ್ವ್ ಮುಚ್ಚಿ, ಕೆಂಪು ದೀಪ ಹಚ್ಚಿ, ನಿಂತುಬಿಡು.

ಆ ರಾತ್ರಿ ಭಾವ, “ಇದೆಲ್ಲ ನಮ್ಮವರಿಗೆ ಹೊಸತು” ಎಂದಾಗ ನಾನು ಓದಿದ್ದನ್ನು ಹೇಳಿದೆ. ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಎಂದು ಹೆಸರಾದ ಮೂವರು ಸಹೋದರರು ಸುಮಾರು ನೂರು ಯಂತ್ರಗಳ ವಿವರವಿರುವ ಗ್ರಂಥ ಬರೆದರು. ಗಾಳಿ ಮತ್ತು ನೀರಿನ ಒತ್ತಡದಿಂದ ತಾವಾಗಿ ತೆರೆದು ಮುಚ್ಚುವ ವಾಲ್ವ್‌ಗಳು ಅದರಲ್ಲಿವೆ. 1206ರಲ್ಲಿ ಅಲ್ ಜಝರಿ ತನ್ನ ಗ್ರಂಥವನ್ನು ಮುಗಿಸಿದರು. ವುಝೂಗೆ ನೀರು ಸುರಿದು, ಬಳಿಕ ಟವೆಲ್ ನೀಡುವ ಯಂತ್ರ ಅದರಲ್ಲಿದೆ. ನೀರಿನ ಮಟ್ಟವನ್ನು ಅರಿಯಲು ತೇಲುಗುಂಡು, ಕೆಲಸಕ್ಕೆ ವಾಲ್ವ್. ಅರಿಯುವುದು ಮತ್ತು ಮಾಡುವುದು, ಅದೇ ಜೋಡಿ.

“ಅವರು ಗಂಡಸರಲ್ಲವೇ?” ಎಂದರು ಭಾವ, ನಗುತ್ತಾ.

ಆಗ ಹೆರಾತಿನ ಹುಡುಗಿಯರ ವಿಷಯ ಹೇಳಿದೆ. 2017ರ ಜುಲೈಯಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಶಾಲಾ ರೋಬೋಟ್ ಸ್ಪರ್ಧೆಗೆ ಅಫ್ಘಾನಿಸ್ತಾನದಿಂದ ಹೊರಟದ್ದು ಆರು ಹುಡುಗಿಯರು. ಎರಡು ಬಾರಿ ವೀಸಾ ನಿರಾಕರಿಸಲಾಯಿತು. ಕೊನೆ ಗಳಿಗೆಯಲ್ಲಿ ಅನುಮತಿ ಸಿಕ್ಕಿ ಹೋದವರು ಧೈರ್ಯದ ಸಾಧನೆಗಾಗಿ ಬೆಳ್ಳಿ ಪದಕದೊಂದಿಗೆ ಮರಳಿದರು. 2020ರಲ್ಲಿ ಕೊರೋನಾ ಬಂದಾಗ ಅದೇ ತಂಡದ ಹುಡುಗಿಯರು ಹಳೆಯ ಟೊಯೋಟಾ ಕೊರೊಲ್ಲಾ ಕಾರಿನ ಬಿಡಿಭಾಗಗಳನ್ನೂ ಬಳಸಿ ಕಡಿಮೆ ಬೆಲೆಯ ವೆಂಟಿಲೇಟರ್ ಮಾದರಿ ತಯಾರಿಸಿದರು. ವೆಂಟಿಲೇಟರ್ ಎಂದರೇನು? ಅಳೆದ ಗಾಳಿ, ಅದನ್ನು ಕಾಯುವ ಸೆನ್ಸರ್. 2021ರ ಆಗಸ್ಟಿನಲ್ಲಿ ಆಡಳಿತ ಬದಲಾದಾಗ ತಂಡದ ಕೆಲವರು ಕತಾರಿಗೆ, ಕೆಲವರು ಮೆಕ್ಸಿಕೋಗೆ ಊರು ಬಿಟ್ಟು ಹೋಗಬೇಕಾಯಿತು. ಭಾವ ಏನೂ ಹೇಳಲಿಲ್ಲ. “ಕಾರಿನ ಯಾವ ಬಿಡಿಭಾಗ?” ಎಂದು ಮಾತ್ರ ಕೇಳಿದರು.

ಮರುದಿನ ಶೃಂಗೇರಿ. ತಂಡದ ಇನ್ನೊಬ್ಬ ಹುಡುಗಿಯ ಮನೆ ಅಲ್ಲಿ. ಸೆನ್ಸರ್‌ಗಳ ಜವಾಬ್ದಾರಿ ಅವಳದ್ದು. ಹೋದ ಕೂಡಲೇ ಇಬ್ಬರೂ ಪೆಟ್ಟಿಗೆ ಬಿಚ್ಚಿ ಕುಳಿತರು. ದೂರ ಅಳೆಯುವ ಸೆನ್ಸರ್ ನಮ್ಮ ಕಿವಿಗೆ ಕೇಳದ ಸದ್ದನ್ನು ಕಳುಹಿಸಿ ಅದರ ಪ್ರತಿಧ್ವನಿಗೆ ಕಾಯುತ್ತದೆ, ಬಾವಲಿಯಂತೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಎಂಟು ಸೆಂಟಿಮೀಟರ್ ದೂರದ ಪೆಟ್ಟಿಗೆಗೆ ಹೋಗಿ ಬರಲು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗವೂ ಬೇಡ. ಒಮ್ಮೊಮ್ಮೆ ತಪ್ಪು ಪ್ರತಿಧ್ವನಿ ಬರುವುದರಿಂದ, ಮೂರು ಬಾರಿ ಒಂದೇ ಉತ್ತರ ಬಂದರೆ ಮಾತ್ರ ನಂಬು ಎಂದು ಬರೆದಿದ್ದರು. ನನಗೆ ಸೂರಃ ಅಲ್ ಹುಜುರಾತ್ ನೆನಪಾಯಿತು. ಸುದ್ದಿ ಬಂದಾಗ ಪರಿಶೀಲಿಸದೆ ಮುಂದುವರಿದು ಆಮೇಲೆ ಪಶ್ಚಾತ್ತಾಪ ಪಡಬಾರದೆಂಬ ಎಚ್ಚರಿಕೆ ಅಲ್ಲಿದೆ.

ಗೆರೆ ನೋಡುವ ಸೆನ್ಸರ್ ಬೇರೆ ಬಗೆಯದು. ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ನೆಲಕ್ಕೆ ಬಿಡುತ್ತದೆ. ಬಿಳಿ ಹೆಚ್ಚು ಹಿಂದಿರುಗಿಸುತ್ತದೆ, ಕಪ್ಪು ಕಡಿಮೆ. ಮನೆಯ ಮಬ್ಬು ಬೆಳಕಿನಲ್ಲಿ ಬಿಳಿಗೆ 80, ಕಪ್ಪಿಗೆ 720 ಎಂಬ ಅಂಕಿ ಬರುತ್ತಿತ್ತು. 400ಕ್ಕಿಂತ ಕಡಿಮೆಯಾದರೆ ಬಿಳಿ ಎಂದು ಬರೆದಿದ್ದರು. ಅಂಗಳದ ಬಿಸಿಲಿಗೆ ತಂದಾಗ ಕಪ್ಪಿಗೂ 300 ಬಂತು! ಸೂರ್ಯನ ಬೆಳಕಿನಲ್ಲೇ ಇನ್‌ಫ್ರಾರೆಡ್ ಧಾರಾಳವಾಗಿದೆ. ರೋಬೋಟಿಗೆ ಇಡೀ ಲೋಕವೇ ಬಿಳಿಯಾಗಿ ಕಂಡಿತು. ಜೂನಿನಿಂದ ಮಳೆಮೋಡದ ಕೆಳಗೆ ಅಭ್ಯಾಸ ಮಾಡಿದ ಮಕ್ಕಳಿಗೆ ಡಿಸೆಂಬರಿನ ಬಿಸಿಲು ಹೊಸ ಪ್ರಶ್ನೆ ಹಾಕಿತ್ತು.

ತಲೆ ಬಿಸಿಯಾದಾಗ ತುಂಗೆಯ ದಡಕ್ಕೆ ಹೋದೆವು. ವಿದ್ಯಾಶಂಕರ ದೇವಾಲಯದ ಹುಲ್ಲುಹಾಸಿನ ಬಳಿ ಮಾರ್ಗದರ್ಶಕರೊಬ್ಬರು ಪ್ರವಾಸಿಗರಿಗೆ ವಿವರಿಸುತ್ತಿದ್ದರು. ಒಳಗೆ ಹನ್ನೆರಡು ರಾಶಿಗಳ ಹನ್ನೆರಡು ಕಂಬಗಳಿದ್ದು, ಆಯಾ ತಿಂಗಳಲ್ಲಿ ಆಯಾ ಕಂಬದ ಮೇಲೆ ಸೂರ್ಯಕಿರಣ ಬೀಳುತ್ತದೆಂದು ಹೇಳುತ್ತಾರೆ. 1791ರಲ್ಲಿ ಮರಾಠಾ ಸೈನ್ಯದ ದಾಳಿಯಿಂದ ಈ ಮಠ ಲೂಟಿಯಾದಾಗ ಅದರ ಪುನರುದ್ಧಾರಕ್ಕೆ ಟಿಪ್ಪು ಸುಲ್ತಾನರು ನೆರವು ಕಳುಹಿಸಿದ್ದರು. ಆ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ನದಿಯ ಮೆಟ್ಟಿಲಲ್ಲಿ ಹುಡುಗಿಯರು ಮೀನುಗಳಿಗೆ ಮಂಡಕ್ಕಿ ಹಾಕಿದರು. ನೀರಿನ ಸಣ್ಣ ಅಲುಗಾಟವನ್ನೂ ಅರಿಯುವ ಅಂಗ ಮೀನಿನ ಮೈಯ ಎರಡೂ ಪಕ್ಕದಲ್ಲಿ ಸಾಲಾಗಿದೆ. ಸೃಷ್ಟಿಕರ್ತನು ಕೊಟ್ಟ ಸೆನ್ಸರ್! ಶೃಂಗೇರಿಯ ಹುಡುಗಿ ಸೂರ್ಯನ ಕಂಬಗಳ ಕಡೆ ನೋಡುತ್ತಾ ಹೇಳಿದಳು: “ಬೆಳಕು ದಿನಾ ಬದಲಾಗುತ್ತದೆ ಅಂತಾದರೆ ನಾವು ಯಾಕೆ 400 ಅಂತ ಒಂದೇ ಅಂಕಿ ಹಿಡಿದುಕೊಂಡಿದ್ದೇವೆ?”

ಮನೆಗೆ ಬಂದು ಅದನ್ನು ಅಳಿಸಿದರು. ಈಗ ರೋಬೋಟ್ ಹೊರಡುವ ಮೊದಲು ಮೂರು ಸೆಕೆಂಡ್ ಗೆರೆಯ ಮೇಲೆ ಆಚೀಚೆ ಆಡಿ, ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳನ್ನು ತಾನೇ ಓದಿ, ಅವುಗಳ ನಡುವಿನ ಅಂಕಿಯನ್ನು ಗಡಿಯಾಗಿ ಇಟ್ಟುಕೊಳ್ಳುತ್ತದೆ. ಜೊತೆಗೆ ಬಿಸಿಲು ತಾಗದಂತೆ ಸೆನ್ಸರಿಗೊಂದು ಮುಸುಕು ಬೇಕಿತ್ತು. ಅಕ್ಕ ಬುರ್ಖಾ ಹೊಲಿಯುತ್ತಾಳೆ. ಉಳಿದ ಕಪ್ಪು ಬಟ್ಟೆಯ ತುಂಡೊಂದು ನನ್ನ ಚೀಲದಲ್ಲಿತ್ತು. ಕಟ್ಟಿದರೆ ಪ್ರಯೋಜನವಾಗಲಿಲ್ಲ. ನಮ್ಮ ಕಣ್ಣಿಗೆ ಕಪ್ಪಾದ ಬಟ್ಟೆ ಇನ್‌ಫ್ರಾರೆಡ್‌ಗೆ ಕಪ್ಪಾಗಿರಬೇಕಾಗಿಲ್ಲ. ಇದನ್ನು ನೀವೂ ಪರೀಕ್ಷಿಸಬಹುದು. ಟಿವಿ ರಿಮೋಟಿನ ತುದಿಗೆ ಬಟ್ಟೆ ಹಿಡಿದು ಗುಂಡಿ ಒತ್ತಿ. ಟಿವಿ ಮಾತು ಕೇಳಿದರೆ ಬೆಳಕು ದಾಟುತ್ತಿದೆ ಎಂದರ್ಥ. ಒಳಗೆ ರಟ್ಟಿನ ಕವಚ, ನೆಲ ಸವರುವ ಅಂಚಿಗೆ ಮೂರು ಮಡಿಕೆಯ ಬಟ್ಟೆ ಹೊಲಿದ ಮೇಲೆ ಸೆನ್ಸರ್ ಸರಿಯಾಯಿತು.

ಭಾನುವಾರ ಭಾವನ ಜೀಪಿನಲ್ಲಿ ಎಲ್ಲರೂ ನರಸಿಂಹರಾಜಪುರಕ್ಕೆ ಹೊರಟೆವು. ಭಾವ ಬಂದದ್ದು ಗಾಳಿ ತುಂಬಿಸಲಿಕ್ಕೆ ಮಾತ್ರ ಎಂದು ಅವರೇ ಹೇಳಿದರು. ಈ ಊರಿನ ಹಳೆಯ ಹೆಸರು ಎಡೆಹಳ್ಳಿ. ಲಕ್ಕವಳ್ಳಿಯ ಅಣೆಕಟ್ಟಿನಿಂದ ತುಂಬಿದ ಭದ್ರಾ ಹಿನ್ನೀರು ಊರಿನ ಹತ್ತಿರದವರೆಗೆ ಹರಡಿದೆ. ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟಿದ ತುಂಗೆ ಶೃಂಗೇರಿಯ ಕಡೆ, ಭದ್ರೆ ಬಾಳೆಹೊನ್ನೂರಿನ ಕಡೆ ಹರಿದು ಕೂಡಲಿಯಲ್ಲಿ ಮತ್ತೆ ಸೇರುತ್ತವೆ. ಹಿಂದಿನ ದಿನ ನೋಡಿದ ನದಿಯ ತಂಗಿಯನ್ನು ಇಂದು ನೋಡಿದಂತಾಯಿತು.

ಸ್ಪರ್ಧೆಗೆ ಬಂದವರಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯವಿರುವ ಶಾಲೆಯ ಮಕ್ಕಳೂ ಇದ್ದರು. ಕೇಂದ್ರ ಸರಕಾರ 2016ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗಾಗಿ ಒಂದು ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ನೆರವು ಸಿಗುತ್ತದೆ. ನಮ್ಮ ಮಕ್ಕಳ ಶಾಲೆಗೆ ಅದಿಲ್ಲ. ಇರುವುದು ವಿಜ್ಞಾನ ಶಿಕ್ಷಕಿಯೊಬ್ಬರ ಉತ್ಸಾಹ, ಒಂದು ಹಳೆಯ ಲ್ಯಾಪ್‌ಟಾಪ್ ಮತ್ತು ಪಂಕ್ಚರ್ ಅಂಗಡಿಯ ಗಾಳಿ.

ಸಭಾಂಗಣದ ದೊಡ್ಡ ಕಿಟಕಿಯಿಂದ ಬಿಸಿಲು ಹಾಸಿನ ಅರ್ಧಭಾಗಕ್ಕೆ ಬಿದ್ದಿತ್ತು. ನಮಗಿಂತ ಮೊದಲು ಬಂದ ಎರಡು ತಂಡಗಳ ಗಾಡಿಗಳು ಅಲ್ಲಿ ದಾರಿ ತಪ್ಪಿದವು. ನಮ್ಮ ಸರದಿ ಬಂದಾಗ ತಂಡದ ಹುಡುಗರಿಬ್ಬರು ಪೆಟ್ಟಿಗೆ ಜೋಡಿಸಿದರು. ಅಕ್ಕನ ಮಗಳು ಲ್ಯಾಪ್‌ಟಾಪ್ ಮಡಿಲಲ್ಲಿಟ್ಟು ನೆಲದಲ್ಲಿ ಮಂಡಿಯೂರಿ ಅಂಕಿಗಳನ್ನು ಓದುತ್ತಿದ್ದಳು. ತಲೆಯ ಮೇಲಿನ ಸ್ಕಾರ್ಫ್ ಸರಿಮಾಡಿಕೊಳ್ಳಲೂ ಪುರುಸೊತ್ತಿರಲಿಲ್ಲ. “ಅವಳು ಹೇಳಲಿ, ಆಮೇಲೆ ಶುರು” ಎಂದು ತಂಡದ ಹುಡುಗನೊಬ್ಬ ತೀರ್ಪುಗಾರರಿಗೆ ಹೇಳಿದ. ಭಾವ ಬಾಗಿಲ ಬಳಿ ನಿಂತು ಅದನ್ನು ಕೇಳಿಸಿಕೊಂಡರು.

ಗಾಡಿ ಹೊರಟಿತು. ನೆರಳಿನಿಂದ ಬಿಸಿಲಿಗೆ ಹೊಕ್ಕಾಗ ನಾನು ಉಸಿರು ಬಿಗಿಹಿಡಿದೆ. ಗೆರೆ ತಪ್ಪಲಿಲ್ಲ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಪಿಸ್ಟನ್ ನಿಧಾನವಾಗಿ ಸರಿಯಿತು. ಗಾಡಿ ಕಾಯಿತು. ಪೆಟ್ಟಿಗೆ ಒಳಗೆ ಹೋಯಿತು. ಐದನೆಯದಕ್ಕೆ ಪಿಸ್ಟನ್ ಅರ್ಧಕ್ಕೆ ನಿಂತಿತು. ಎರಡು ಸೆಕೆಂಡ್. ಕೆಂಪು ದೀಪ ಹತ್ತಿತು. ಗಾಡಿ ಅಲ್ಲೇ ನಿಂತುಬಿಟ್ಟಿತು.

“ಹಾಳಾಯಿತೇ?” ಎಂದು ತೀರ್ಪುಗಾರರು ಕೇಳಿದರು.

“ಇಲ್ಲ ಸರ್. ಗಾಳಿ ಸಾಲದು ಅಂತ ಅದಕ್ಕೆ ಗೊತ್ತಾಯಿತು. ಪೆಟ್ಟಿಗೆ ಬೀಳಿಸುವ ಬದಲು ನಿಲ್ಲು ಅಂತ ನಾನೇ ಬರೆದದ್ದು.”

ಐದೂ ಪೆಟ್ಟಿಗೆ ಇಟ್ಟ ಇನ್ನೊಂದು ತಂಡ ಗೆದ್ದಿತು. ನಮ್ಮವರಿಗೆ ಎರಡನೇ ಸ್ಥಾನ. ಬೆಂಗಳೂರಿಗೆ ಹೋಗುವುದು ಮೊದಲ ತಂಡ ಮಾತ್ರ. ಬೆಂಗಳೂರಿನ ಪ್ರಶ್ನೆ ತಾನಾಗಿ ಮುಗಿಯಿತಲ್ಲ ಎಂದು ನಾನು ಒಳಗೊಳಗೇ ಅಂದುಕೊಂಡೆ. ಅದು ಸಮಾಧಾನವೋ ಬೇಸರವೋ ನನಗೇ ತಿಳಿಯಲಿಲ್ಲ.

ಸಂಜೆ ಹಿನ್ನೀರಿನ ಬಳಿ ಜೀಪ್ ನಿಲ್ಲಿಸಿ ಅಸ್ರ್ ನಮಾಝ್ ಮಾಡಿದೆವು. ಅಕ್ಕ ಬುತ್ತಿಯ ಪತ್ತಿರಿ ಹಂಚಿದಳು. ಹುಡುಗಿ ಮುಖ ಸಪ್ಪಗೆ ಮಾಡಿಕೊಂಡು ನೀರು ನೋಡುತ್ತಿದ್ದಳು. ಭಾವ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಕೇಳಿದರು:

“ಟ್ಯಾಂಕ್ ಅರ್ಧ ಲೀಟರ್ ಅಲ್ಲವೇ? ಒಂದು ಲೀಟರಿನದ್ದು ಹಾಕಿದರೆ ಒತ್ತಡ ಇಷ್ಟು ಇಳಿಯುತ್ತಿತ್ತಾ?”

ಹುಡುಗಿ ತಿರುಗಿ ನೋಡಿದಳು. “ಇಲ್ಲ ಅಬ್ಬಾ. ಆದರೆ ತೂಕ ಹೆಚ್ಚಾಗುತ್ತದೆ. ಲೆಕ್ಕ ಮಾಡಬೇಕು.”

“ಮಾಡು. ಮುಂದಿನ ವರ್ಷಕ್ಕೆ ಇನ್ನೂ ಸಮಯವಿದೆ.”

“ಗೆದ್ದರೆ ಬೆಂಗಳೂರಿಗೆ ಹೋಗಬೇಕಾಗುತ್ತದೆ” ಎಂದು ಅಕ್ಕ ನೆನಪಿಸಿದಳು. “ಶಿಕ್ಷಕಿ ಜೊತೆಗಿರುತ್ತಾರೆ. ಬೇಕಾದರೆ ನಾನೂ ಹೋಗುತ್ತೇನೆ.”

ಭಾವ ಹೂಂ ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. ಜೀಪಿನ ಹಿಂಬದಿಯಲ್ಲಿ ರೋಬೋಟ್ ಅಲುಗಾಡದಂತೆ ತಮ್ಮ ಹೆಗಲ ಮೇಲಿನ ಶಾಲನ್ನು ಅದರ ಸುತ್ತ ಕಟ್ಟಿದರು. ಅಲ್‌ಹಮ್ದುಲಿಲ್ಲಾಹ್, ಆ ದಿನಕ್ಕೆ ನನಗೆ ಅಷ್ಟು ಸಾಕಾಯಿತು.

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಬಗ್ಗೆ ಎಷ್ಟೋ ತೀರ್ಮಾನಗಳು ಗಡಿಯಾರ ನೋಡಿ ಇಳಿಸಿದ ಕುಕ್ಕರಿನಂತೆ ಅಂದಾಜಿನ ಮೇಲೆ ನಡೆಯುತ್ತವೆ. ಅವಳಿಗೆ ಆಸಕ್ತಿ ಇರಲಿಕ್ಕಿಲ್ಲ, ಅವಳಿಂದ ಆಗಲಿಕ್ಕಿಲ್ಲ ಎಂದು. ಒಮ್ಮೆ ಹೋಗಿ ಬಾಗಿಲ ಬಳಿ ನಿಂತು ನೋಡಿದರೆ ತಿಳಿಯುತ್ತದೆ. ಕೊಪ್ಪಕ್ಕೆ ಮರಳುವ ದಾರಿಯುದ್ದಕ್ಕೂ ಹುಡುಗಿ ಒಂದು ಲೀಟರಿನ ಟ್ಯಾಂಕಿನ ಲೆಕ್ಕ ಹಾಕುತ್ತಿದ್ದಳು. ಇನ್ಶಾ ಅಲ್ಲಾಹ್, ಮುಂದಿನ ಡಿಸೆಂಬರಿನಲ್ಲಿ ನಾನು ಮತ್ತೆ ಆ ಘಾಟಿ ಹತ್ತಬೇಕೆಂದಿದ್ದೇನೆ.